ಕಂಬಳಿಯೊಂದೇ ಸಾಲದು: ಯುದ್ಧದಿಂದ ಮನೆ ಕಳೆದುಕೊಂಡವರ ಚಳಿಗಾಲ

ಸಿರಿಯಾ, ಲೆಬನಾನ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರುವುದು ಮರಳು ಮತ್ತು ಬಿಸಿಲು. ಅಂಥ ಕಡೆ ಮಕ್ಕಳು ಚಳಿಗೆ ಸತ್ತರು ಎಂಬ ಸುದ್ದಿ ಓದಿದಾಗ ಅದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಲೆಬನಾನಿನ ಬೆಕಾ ಕಣಿವೆ ಸಮುದ್ರಮಟ್ಟದಿಂದ ಸುಮಾರು 900ರಿಂದ 1,000 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದರೆ ಅದಿರುವುದು 34ನೇ ಅಕ್ಷಾಂಶದ ಆಸುಪಾಸಿನಲ್ಲಿ, ಅಂದರೆ ಶ್ರೀನಗರದ ನೇರಕ್ಕೆ. ಎರಡೂ ಬದಿಗೆ ಹಿಮ ಬೀಳುವ ಪರ್ವತಸಾಲು. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸಿರಿಯಾ ಗಡಿಗೆ ಹತ್ತಿಕೊಂಡಿರುವ ಅರ್ಸಾಲ್ ಪಟ್ಟಣವಂತೂ ಇನ್ನೂ ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಗಡಿಯಾಚೆ, ಸಿರಿಯಾದ ವಾಯವ್ಯ ಮೂಲೆಯ ಇದ್ಲಿಬ್‌ನಲ್ಲಿ ಹಿಮಕ್ಕಿಂತ ಮಳೆಯ ಕಾಟ ಹೆಚ್ಚು. ಆಲಿವ್ ತೋಪುಗಳ ಕೆಮ್ಮಣ್ಣು ಒಂದೇ ಮಳೆಗೆ ಕೆಸರಾಗಿ, ತಿಂಗಳುಗಟ್ಟಲೆ ಕೆಸರಾಗಿಯೇ ಉಳಿಯುತ್ತದೆ.

2011ರ ಮಾರ್ಚ್‌ನಲ್ಲಿ ಸಿರಿಯಾದಲ್ಲಿ ಶುರುವಾದ ಪ್ರತಿಭಟನೆ ದಮನಕ್ಕೆ, ದಮನ ಯುದ್ಧಕ್ಕೆ ತಿರುಗಿತು. ಮುಂದಿನ ವರ್ಷಗಳಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಜನ ಮನೆ ಬಿಟ್ಟು ಹೊರಟರು. ಕೆಲವರು ಗಡಿ ದಾಟಿದರು, ಉಳಿದವರು ದೇಶದೊಳಗೇ ಊರಿಂದೂರಿಗೆ ಓಡಿದರು. ಅದರಲ್ಲೂ 2019ರ ಡಿಸೆಂಬರ್ ಮೊದಲ ವಾರದಿಂದ 2020ರ ಮಾರ್ಚ್ ಆರಂಭದವರೆಗಿನ ಚಳಿಗಾಲವನ್ನು ಮರೆಯಬಾರದು. ಇದ್ಲಿಬ್ ಸುತ್ತಮುತ್ತ ಬಾಂಬಿಗೆ ಹೆದರಿ ಆ ಮೂರು ತಿಂಗಳಲ್ಲಿ 9 ಲಕ್ಷಕ್ಕೂ ಹೆಚ್ಚು ಮಂದಿ ಟರ್ಕಿ ಗಡಿಯತ್ತ ಸರಿದರು. ಅವರಲ್ಲಿ ಹತ್ತಿರಹತ್ತಿರ ಶೇ. 80 ಹೆಂಗಸರು, ಮಕ್ಕಳು. ಶಿಬಿರಗಳೆಲ್ಲ ತುಂಬಿದ್ದರಿಂದ ಎಷ್ಟೋ ಕುಟುಂಬಗಳು ಮರದ ಕೆಳಗೆ, ರಸ್ತೆ ಬದಿಯಲ್ಲಿ ಮಲಗಿದವು. ಆಗ ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದ ಮಾರ್ಕ್ ಲೋಕಾಕ್, ಮಕ್ಕಳಿಗೆ ಕಾವು ಕೊಡಲು ತಾಯಂದಿರು ಪ್ಲಾಸ್ಟಿಕ್ ಸುಡುತ್ತಿದ್ದಾರೆ, ಹಸುಗೂಸುಗಳು ಥಂಡಿಗೆ ಸಾಯುತ್ತಿವೆ ಎಂದು ಬಹಿರಂಗವಾಗಿಯೇ ಹೇಳಿದರು.

ಇಂಥ ಸುದ್ದಿ ಬಂದಾಗಲೆಲ್ಲ ಜಗತ್ತಿನ ಒಳ್ಳೆಯ ಮನಸ್ಸುಗಳು ಮೊದಲು ಕಳಿಸುವುದು ಕಂಬಳಿ. ಕಂಬಳಿ ಖಂಡಿತ ಬೇಕು. ಆದರೆ ಅದೊಂದರಿಂದಲೇ ಚಳಿ ಯಾಕೆ ಹೋಗುವುದಿಲ್ಲ, ಚಳಿ ತಡೆಯುವುದು ನಿಜವಾಗಿ ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಚಳಿ ಹತ್ತುವುದು ನೆಲದಿಂದ

ಕಂಬಳಿ ಕಾವನ್ನು ಹುಟ್ಟಿಸುವುದಿಲ್ಲ. ಮೈಯಲ್ಲಿ ಹುಟ್ಟುವ ಕಾವು ಬೇಗ ಸೋರಿಹೋಗದಂತೆ ತಡೆಯುತ್ತದೆ, ಅಷ್ಟೇ. ಹಾಗೆ ತಡೆಯುವುದು ಕೂಡ ಉಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿ. ಕಂಬಳಿ ಒದ್ದೆಯಾದರೆ ಆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ನೀರು ಕಾವನ್ನು ಸರಸರನೆ ಹೊರಗೆ ಸಾಗಿಸುತ್ತದೆ. ಮೈಭಾರಕ್ಕೆ ಚಪ್ಪಟೆಯಾದರೂ ಅಷ್ಟೇ: ಕೆಳಗೆ ಹಾಸಿದ ಕಂಬಳಿಯಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಮೇಲೆ ನಾಲ್ಕು ಹೊದಿಕೆ ಹೊದ್ದರೂ ಬೆನ್ನ ಕೆಳಗಿನ ತಣ್ಣನೆಯ ನೆಲ ರಾತ್ರಿಯಿಡೀ ಕಾವನ್ನು ಹೀರುತ್ತಲೇ ಇರುತ್ತದೆ. ಎಳೆಮಕ್ಕಳಿಗೆ ಇದರ ಪೆಟ್ಟು ಹೆಚ್ಚು. ಅವರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ದೊಡ್ಡದು, ಆದ್ದರಿಂದ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಇಳಿದರೆ ಅಪಾಯ ಶುರು. ಹಸುಗೂಸಾದರೆ ನಡುಗುವುದೂ ಇಲ್ಲ, ಜೋರಾಗಿ ಅಳುವುದೂ ಇಲ್ಲ, ಸುಮ್ಮನೆ ಮಂಕಾಗುತ್ತಾ ಹೋಗುತ್ತದೆ. ಪಕ್ಕದಲ್ಲೇ ಮಲಗಿದ ತಾಯಿಗೆ ಮಗು ನಿದ್ದೆ ಹೋಗಿದೆ ಅನ್ನಿಸಬಹುದು.

ಆದ್ದರಿಂದ ಚಳಿಗಾಲದ ತಯಾರಿಯಲ್ಲಿ ಅನುಭವ ಇರುವವರು ಮೊದಲು ಕೇಳುವುದು ಜಲ್ಲಿಯನ್ನು. ಗುಡಾರ ಹಾಕುವ ಜಾಗಕ್ಕೆ ಜಲ್ಲಿ ಸುರಿದು ಎತ್ತರಿಸಬೇಕು, ಸುತ್ತ ನೀರು ಹರಿದುಹೋಗಲು ಕಾಲುವೆ ತೋಡಬೇಕು, ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫೋಮ್ ಅಥವಾ ಹಲಗೆ, ಆಮೇಲೆ ಹಾಸಿಗೆ. ಹೊದಿಕೆಯ ಸರದಿ ಬರುವುದು ಆನಂತರ. ಫೋಟೋದಲ್ಲಿ ಜಲ್ಲಿ ರಾಶಿ ಚೆನ್ನಾಗಿ ಕಾಣುವುದಿಲ್ಲ, ಯಾರ ಹೆಸರನ್ನೂ ಅದರ ಮೇಲೆ ಅಚ್ಚು ಹಾಕಲಾಗುವುದಿಲ್ಲ. ಆದರೆ ಒಂದು ಲಾರಿ ಜಲ್ಲಿ ಹಲವು ಕುಟುಂಬಗಳ ಹಾಸಿಗೆಯನ್ನು ಇಡೀ ಮಳೆಗಾಲ ಒಣಗಿಸಿಡುತ್ತದೆ. 2019ರ ಜನವರಿಯಲ್ಲಿ ಲೆಬನಾನಿಗೆ ಅಪ್ಪಳಿಸಿದ ನೋರ್ಮಾ ಬಿರುಗಾಳಿಯ ಹೊತ್ತಿನಲ್ಲಿ ಬೆಕಾ ಕಣಿವೆಯ ಎಷ್ಟೋ ಶಿಬಿರಗಳಲ್ಲಿ ನೀರು ಒಳನುಗ್ಗಿ, ಹಂಚಿದ್ದ ಹಾಸಿಗೆ ಕಂಬಳಿಗಳೆಲ್ಲ ತೊಯ್ದು ತೊಪ್ಪೆಯಾದವು. ಅವನ್ನು ಒಣಗಿಸಲು ಬಿಸಿಲೂ ಇರಲಿಲ್ಲ, ಜಾಗವೂ ಇರಲಿಲ್ಲ.

ಇನ್ನೊಂದು ನೀರು ಒಳಗಿನಿಂದಲೇ ಬರುತ್ತದೆ. ಏಳೆಂಟು ಜನ ಉಸಿರಾಡುವ, ಅಡುಗೆ ಮಾಡುವ, ಒದ್ದೆಬಟ್ಟೆ ಒಣಗಹಾಕುವ ಪ್ಲಾಸ್ಟಿಕ್ ಗುಡಾರದಲ್ಲಿ, ಇಡ್ಲಿ ಪಾತ್ರೆಯ ಮುಚ್ಚಳದೊಳಗೆ ನೀರು ಕಟ್ಟುವಂತೆ ಚಾವಣಿಯಲ್ಲಿ ಹನಿ ಕಟ್ಟಿ ಬೆಳಗಿನ ಜಾವ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಇದಕ್ಕೆ ಪರಿಹಾರ ಎರಡು ಪದರದ ಬಟ್ಟೆ, ನಡುವೆ ಗಾಳಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬಳಸುವ ಕುಟುಂಬ ಗುಡಾರಕ್ಕೆ ಹೀಗೆ ಎರಡು ಪದರ ಇರುತ್ತದೆ. ಚಳಿಗಾಲಕ್ಕೆಂದು ಒಳಗೆ ಇನ್ನೊಂದು ಅಸ್ತರಿ, ಒಲೆಯ ಕೊಳವೆ ಹೊರಹೋಗಲು ಬೆಂಕಿಗೆ ಜಗ್ಗದ ಕಿಂಡಿ, ಇವುಗಳ ಕಿಟ್ಟು ಬೇರೆಯೇ ಬರುತ್ತದೆ. ಅಷ್ಟಾದರೂ ಗುಡಾರ ಒಂದು ವರ್ಷದ ಮಾತು. ಬಿಸಿಲು, ಗಾಳಿ, ಹಿಮ ತಿಂದ ಬಟ್ಟೆ ಎರಡನೇ ಚಳಿಗಾಲಕ್ಕೆ ಹರಿಯುತ್ತದೆ. ಸಿರಿಯಾದ ಎಷ್ಟೋ ಕುಟುಂಬಗಳು ಕಳೆದದ್ದು ಹತ್ತಕ್ಕೂ ಹೆಚ್ಚು ಚಳಿಗಾಲ.

ಜಾಗದ ಅಳತೆಯೂ ಚಳಿಗಾಲದಲ್ಲಿ ಬದಲಾಗುತ್ತದೆ. ನೆರವು ಸಂಸ್ಥೆಗಳು ಅನುಸರಿಸುವ ಸ್ಫಿಯರ್ ಕೈಪಿಡಿಯ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್ ಸೂರು ಬೇಕು. ಚಳಿ ಪ್ರದೇಶವಾದರೆ 4.5ರಿಂದ 5.5. ಬೇಸಿಗೆಯಲ್ಲಿ ಹೊರಗೆ ನಡೆಯುವ ಅಡುಗೆ, ಸ್ನಾನ, ಮಕ್ಕಳ ಆಟ ಎಲ್ಲವೂ ಚಳಿಗಾಲದಲ್ಲಿ ಒಳಗೆ ಬರುತ್ತವೆ ಎಂಬುದೇ ಕಾರಣ.

ಸೋಬಿಯಾ

ಆ ಭಾಗದ ಮನೆಗಳಲ್ಲಿ ಚಳಿಗಾಲದ ಕೇಂದ್ರವೆಂದರೆ ಸೋಬಿಯಾ. ಕೋಣೆಯ ನಡುವೆ ನಿಲ್ಲುವ ತಗಡಿನ ಒಲೆ ಅದು. ಹಿಂಬದಿಯಲ್ಲಿ ಸಣ್ಣ ಟ್ಯಾಂಕು, ಅದರಿಂದ ಡೀಸೆಲ್ ಹನಿಹನಿಯಾಗಿ ಒಳಗೆ ಬೀಳಲು ಒಂದು ಸಣ್ಣ ತಿರುಪು. ಮೇಲೆ ಚಹಾದ ಕೆಟಲು, ಕೆಲವೊಮ್ಮೆ ರೊಟ್ಟಿ, ಆಲೂಗಡ್ಡೆ. ಹೊಗೆಕೊಳವೆ ನೆಟ್ಟಗೆ ಮೇಲೇರಿ, ತಿರುವು ತೆಗೆದುಕೊಂಡು ಗೋಡೆಯಿಂದ ಹೊರಗೆ ಹೋಗುತ್ತದೆ. ಕಲ್ಲಿನ ಮನೆಯಲ್ಲಿ ಇದಕ್ಕಿಂತ ನೆಮ್ಮದಿಯ ವಸ್ತು ಇಲ್ಲ. ಸಂಜೆಯಾದರೆ ಇಡೀ ಸಂಸಾರ ಅದರ ಸುತ್ತ ಸೇರುತ್ತದೆ.

ಅದೇ ಸೋಬಿಯಾ ಪ್ಲಾಸ್ಟಿಕ್ ಗುಡಾರಕ್ಕೆ ಬಂದಾಗ ಕಥೆ ಬೇರೆ. ಕೊಳವೆ ತಾಗುವ ಜಾಗದಲ್ಲಿ ಟಾರ್ಪಾಲು ಕರಗುತ್ತದೆ. ಗಾಳಿಗೆ ಗುಡಾರ ಅಲುಗಾಡಿದರೆ ಕೊಳವೆಯ ಕೀಲು ಕಳಚುತ್ತದೆ. ಮಗು ಎಡವಿದರೆ ಒಲೆಯೇ ಉರುಳುತ್ತದೆ. ಗುಡಾರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಒಂದರ ಬೆಂಕಿ ನಿಮಿಷಗಳಲ್ಲಿ ಹತ್ತಕ್ಕೆ ಹಬ್ಬುತ್ತದೆ. ಶಿಬಿರದಲ್ಲಿ ಪ್ರತಿ 300 ಮೀಟರಿಗೆ 30 ಮೀಟರ್ ಖಾಲಿ ಜಾಗ ಬಿಡಬೇಕೆಂಬ ನಿಯಮ ಇರುವುದು ಇದಕ್ಕೇ. ಇದ್ಲಿಬ್‌ನ ಆಲಿವ್ ತೋಪುಗಳಲ್ಲಿ ಜನ ಸಿಕ್ಕ ಸಿಕ್ಕಲ್ಲಿ ನೆಲೆ ನಿಂತಾಗ ಅಷ್ಟು ಜಾಗ ಬಿಡುವವರು ಯಾರು?

ಡೀಸೆಲ್ ಕೈಗೆಟುಕದಾಗ ಒಲೆಗೆ ಬೀಳುವುದು ಸೌದೆ. ಅದೂ ಇಲ್ಲದಿದ್ದರೆ ಆಲಿವ್ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ, ಪಿಸ್ತಾ ಸಿಪ್ಪೆ. ಈ ಎರಡೂ ಚೆನ್ನಾಗಿಯೇ ಉರಿಯುತ್ತವೆ, ಇದ್ಲಿಬ್‌ನಲ್ಲಿ ಪಿಸ್ತಾ ಸಿಪ್ಪೆಗೆಂದೇ ತಯಾರಾದ ಒಲೆಗಳಿವೆ. ಅದಕ್ಕೂ ದುಡ್ಡಿಲ್ಲದವರು ಹಳೇ ಬಟ್ಟೆ, ಚಪ್ಪಲಿ, ಪ್ಲಾಸ್ಟಿಕ್ ಚೀಲ ಸುಡುತ್ತಾರೆ. ಹೊಗೆಗೆ ಮಕ್ಕಳ ಎದೆ ಕಟ್ಟುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಗಾಳಿಕಿಂಡಿ ತೆರೆದಿಟ್ಟರೆ ಚಳಿ ಒಳಬರುತ್ತದೆ, ಮುಚ್ಚಿದರೆ ಈ ಅನಿಲ ಒಳಗೇ ಉಳಿಯುತ್ತದೆ. ಸೊನ್ನೆ ಡಿಗ್ರಿಯ ರಾತ್ರಿಯಲ್ಲಿ ಮಕ್ಕಳನ್ನು ತಬ್ಬಿಕೊಂಡ ತಂದೆ ಕಿಂಡಿಗೆ ಚಿಂದಿ ತುರುಕಿದರೆ ಅವನನ್ನು ಹೇಗೆ ದೂರುವುದು? 2020ರ ಫೆಬ್ರುವರಿಯಲ್ಲಿ ಇದ್ಲಿಬ್‌ನ ಗುಡಾರವೊಂದರಲ್ಲಿ ಒಂದೇ ಕುಟುಂಬದ ನಾಲ್ವರು ಒಲೆಯ ಅನಿಲಕ್ಕೆ ಉಸಿರುಗಟ್ಟಿ ಸತ್ತರು.

ಅಂದರೆ ಒಲೆ ಕೊಟ್ಟರೆ ಇಂಧನವನ್ನೂ ಕೊಡಬೇಕು, ಜೊತೆಗೆ ಕೊಳವೆಯನ್ನೂ, ಅದು ಹಾದುಹೋಗುವ ತಗಡಿನ ಕಿಂಡಿಯನ್ನೂ, ಬೆಂಕಿ ಆರಿಸುವ ಸಾಧನವನ್ನೂ ಕೊಡಬೇಕು. ಬರೀ ಒಲೆ ಹಂಚಿ ಪಟ್ಟಿಯಲ್ಲಿ ಗುರುತು ಹಾಕುವುದು ಅರ್ಧ ಕೆಲಸವೂ ಅಲ್ಲ.

ಗೋಡೆ ಎಷ್ಟು ಎತ್ತರ ಇರಬಹುದು?

ಇಷ್ಟೆಲ್ಲ ತಾಪತ್ರಯಕ್ಕಿಂತ ನಾಲ್ಕು ಗೋಡೆ ಕಟ್ಟಿಬಿಡಬಾರದೇ ಎಂದು ಕೇಳಬಹುದು. ಚಳಿಗಾಲದ ನೆರವಿನ ಅತ್ಯಂತ ಗಟ್ಟಿ ಗಂಟು ಇರುವುದು ಇಲ್ಲಿ, ಮತ್ತು ಅದು ದುಡ್ಡಿನ ಗಂಟಲ್ಲ.

ಲೆಬನಾನ್ ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕ ದೇಶ. ಅಲ್ಲಿ 10 ಲಕ್ಷಕ್ಕೂ ಹೆಚ್ಚು ಸಿರಿಯನ್ ನಿರಾಶ್ರಿತರು ನೋಂದಣಿಯಾಗಿದ್ದರು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ದೊಡ್ಡ ಹೊರೆ. 1948ರಲ್ಲಿ ಬಂದ ಪ್ಯಾಲೆಸ್ಟೀನಿಯರ ಶಿಬಿರಗಳು ಇವತ್ತಿಗೂ ಅಲ್ಲೇ ಇವೆ, ಆ ನಂತರದ ಅಂತರ್ಯುದ್ಧದ ಗಾಯವೂ ಆರಿಲ್ಲ. ಹಾಗಾಗಿ ಸಿರಿಯನ್ನರಿಗೆ ಅಧಿಕೃತ ಶಿಬಿರವೇ ಬೇಡ ಎಂಬುದು ಸರ್ಕಾರದ ನಿಲುವಾಗಿತ್ತು. ಜೋರ್ಡಾನ್ 2012ರ ಜುಲೈನಲ್ಲಿ ಜಾತರಿ ಶಿಬಿರ ತೆರೆದು, ಮುಂದೆ ಗುಡಾರಗಳ ಬದಲಿಗೆ ಪೆಟ್ಟಿಗೆಮನೆಗಳನ್ನು ತಂದಿಟ್ಟಿತು. ಲೆಬನಾನಿನಲ್ಲಿ ಕುಟುಂಬಗಳು ರೈತರ ಹೊಲದ ತುಂಡಿಗೆ ಬಾಡಿಗೆ ಕೊಟ್ಟು, ಮರದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಪ್ಲಾಸ್ಟಿಕ್ ಹಾಳೆ, ಹಳೇ ಜಾಹೀರಾತು ಫ್ಲೆಕ್ಸ್ ಸುತ್ತಿಕೊಂಡವು. ಗಾಳಿಗೆ ಹಾರದಂತೆ ಮೇಲೆ ಹಳೇ ಟೈರುಗಳು. ಫ್ಲೆಕ್ಸು ದಪ್ಪ, ನೀರು ಇಳಿಯುವುದಿಲ್ಲ, ಅಗ್ಗ. ಹಾಗಾಗಿ ಯಾವುದೋ ವಾಚಿನ, ಬಂಗಲೆಯ ಜಾಹೀರಾತಿನ ಕೆಳಗೆ ಮಕ್ಕಳು ಮಲಗುತ್ತಾರೆ.

ಅರ್ಸಾಲಿನ ಹಿಮಕ್ಕೆ ಅದು ಸಾಲಲಿಲ್ಲ. ವರ್ಷಗಳು ಕಳೆದಂತೆ ಅಲ್ಲಿನ ಕುಟುಂಬಗಳು ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿಕೊಂಡವು. 2019ರಲ್ಲಿ ಸರ್ಕಾರ ಹಳೆಯ ಕಟ್ಟಡ ನಿಯಮ ಜಾರಿಗೆ ತರಲು ಹೊರಟಿತು: ಐದು ವರಸೆ ಬ್ಲಾಕು, ಅಂದರೆ ಸುಮಾರು ಒಂದು ಮೀಟರ್. ಅದಕ್ಕಿಂತ ಮೇಲಿನದನ್ನೆಲ್ಲ ಕೆಡವಿ, ಮರ ಮತ್ತು ಪ್ಲಾಸ್ಟಿಕ್ ಮಾತ್ರ ಇಟ್ಟುಕೊಳ್ಳಬೇಕು. ಗಡುವು ಜುಲೈ 1. 5 ಸಾವಿರಕ್ಕೂ ಹೆಚ್ಚು ಸೂರುಗಳಿಗೆ ಈ ಆದೇಶ ತಾಗಿತು. ಸೈನ್ಯ ಬಂದು ಬುಲ್ಡೋಜರ್ ಹಾಯಿಸಿದರೆ ಒಳಗಿನ ಸಾಮಾನೂ ಹೋದೀತೆಂದು, ಜನ ತಾವೇ ಸುತ್ತಿಗೆ ಹಿಡಿದು ತಮ್ಮ ಗೋಡೆಗಳನ್ನು ಒಡೆದರು. ನೆರವು ಸಂಸ್ಥೆಗಳು ಹಲಗೆ, ಪ್ಲಾಸ್ಟಿಕ್ ಹಾಳೆ ಹಂಚಿದವು. ಆರು ತಿಂಗಳ ಹಿಂದಷ್ಟೇ ನೋರ್ಮಾ ಬಿರುಗಾಳಿ ಕಂಡಿದ್ದ ಊರಿನಲ್ಲಿ ನಡೆದದ್ದು ಇದು.

ಲೆಬನಾನಿನ ಭಯ ನನಗೆ ಅರ್ಥವಾಗುತ್ತದೆ. ಸಿಮೆಂಟು ಬಿದ್ದರೆ ಇವರು ಮರಳಿ ಹೋಗಲಾರರು ಎಂಬ ಆತಂಕ ಸುಳ್ಳು ಎನ್ನಲಾಗದು. ಆದರೆ ಆ ಆತಂಕದ ಬೆಲೆಯನ್ನು ಮಕ್ಕಳ ಶ್ವಾಸಕೋಶದಿಂದ ವಸೂಲಿ ಮಾಡುವುದು ಅನ್ಯಾಯ. ಎಷ್ಟು ಉಣ್ಣೆ ಹಂಚಿದರೂ ಗೋಡೆ ನಿಷಿದ್ಧವಾದ ಕಡೆ ಪ್ರತಿ ವರ್ಷ ಅದೇ ಪ್ಲಾಸ್ಟಿಕ್ಕನ್ನು ಮತ್ತೆ ಮತ್ತೆ ಕೊಳ್ಳಬೇಕು. ಹತ್ತು ವರ್ಷದ ಆ ಖರ್ಚು ಕೂಡಿಸಿದರೆ ಒಂದು ಗಟ್ಟಿ ಕೋಣೆಯ ಖರ್ಚನ್ನು ಮೀರುತ್ತದೆ ಎಂದು ಈ ಕ್ಷೇತ್ರದವರು ಹೇಳುತ್ತಲೇ ಬಂದಿದ್ದಾರೆ.

ಭೂಮಿ ಮತ್ತು ಅನುಮತಿ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಸಾಕ್ಷಿಯಿದೆ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಅವರದ್ದು ಚಳಿಯ ಕಷ್ಟವಲ್ಲ, ಸೆಕೆಯ ಕಷ್ಟ. ಕಾಡು ಕಡಿಯುತ್ತಾ ಮೊದಲಿಗೆ ಗುಡಾರ, ಬಿದಿರ ಗುಡಿಸಲುಗಳಲ್ಲಿದ್ದವರು ಆಮೇಲೆ ಮನೆ ಕಟ್ಟಿದರು, ಮುಸುಕಿನ ಜೋಳ ಬೆಳೆದರು. ಊರಿಗೆ ಮರಳುವ ಆಸೆಯನ್ನು ಆ ಮನೆಗಳು ಕೊಲ್ಲಲಿಲ್ಲ.

ಚಳಿಗೆಂದು ಕೊಟ್ಟ ದುಡ್ಡು ಅನ್ನಕ್ಕೆ

ವಸ್ತುವಿನ ಬದಲು ದುಡ್ಡು ಕೊಟ್ಟರೆ ಹೇಗೆ? 2013-14ರ ಚಳಿಗಾಲದಲ್ಲಿ ಲೆಬನಾನಿನಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದರು. ನವೆಂಬರಿನಿಂದ ಏಪ್ರಿಲ್‌ವರೆಗೆ ಎಟಿಎಂ ಕಾರ್ಡಿನ ಮೂಲಕ ಪ್ರತಿ ಕುಟುಂಬಕ್ಕೆ ಒಟ್ಟು 575 ಡಾಲರ್. ಮುಖ್ಯವಾಗಿ 500 ಮೀಟರಿಗಿಂತ ಎತ್ತರದಲ್ಲಿ ಇದ್ದವರಿಗೆ, ಏಕೆಂದರೆ ಚಳಿ ಹೆಚ್ಚಿರುವುದು ಅಲ್ಲಿ. ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ನೆರವು ಸಂಸ್ಥೆ ಈ ಗೆರೆಯನ್ನೇ ಬಳಸಿಕೊಂಡು ಅಧ್ಯಯನ ನಡೆಸಿತು: ಗೆರೆಯ ಸ್ವಲ್ಪ ಮೇಲಿದ್ದು ದುಡ್ಡು ಪಡೆದವರನ್ನು, ಸ್ವಲ್ಪ ಕೆಳಗಿದ್ದು ಪಡೆಯದವರನ್ನು ಹೋಲಿಸಿ ನೋಡಿತು.

ಸಿಕ್ಕಿದ ಉತ್ತರ ಯೋಚನೆಗೆ ಹಚ್ಚುವಂಥದ್ದು. ದುಡ್ಡು ಪೋಲಾಗಲಿಲ್ಲ. ಅಂಗಡಿಗಳಲ್ಲಿ ಹೇಳಿಕೊಳ್ಳುವಂಥ ಬೆಲೆಯೇರಿಕೆಯೂ ಆಗಲಿಲ್ಲ. ದುಡಿಯಲು ಹೋಗುವ ಮಕ್ಕಳ ಸಂಖ್ಯೆ ಇಳಿಯಿತು. ಕೊಟ್ಟ ಪ್ರತಿ ಡಾಲರ್ ಸ್ಥಳೀಯ ಆರ್ಥಿಕತೆಯಲ್ಲಿ 2.13 ಡಾಲರಿನಷ್ಟು ವಹಿವಾಟಾಗಿ ಬೆಳೆಯಿತು. ಆದರೆ ಕುಟುಂಬಗಳು ಅದರ ಹೆಚ್ಚಿನ ಪಾಲನ್ನು ಖರ್ಚು ಮಾಡಿದ್ದು ಇಂಧನಕ್ಕಲ್ಲ, ಊಟಕ್ಕೆ ಮತ್ತು ಕುಡಿಯುವ ನೀರಿಗೆ. ದುಡ್ಡು ಪಡೆದವರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಬೆಚ್ಚಗಿರಲು ಬೇಕಾದಷ್ಟು ಇಂಧನ ಇಲ್ಲ ಎಂದರು.

ಇದನ್ನು ಓದಿ ದುಡ್ಡು ಕೊಡುವುದು ತಪ್ಪು ಎಂದುಕೊಳ್ಳಬಾರದು. ಹಸಿದ ಮಗುವಿಗೆ ಚಳಿ ಹೆಚ್ಚು, ಮೈಯೊಳಗೆ ಕಾವು ಹುಟ್ಟುವುದೇ ಅನ್ನದಿಂದ. ತಾಯಿ ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು, ಕೊಟ್ಟ ಮೊತ್ತ ಸಾಲಲಿಲ್ಲ. ಚಳಿ, ಹಸಿವು, ಬಾಡಿಗೆ, ಔಷಧಿ ಇವನ್ನು ಕಚೇರಿಯಲ್ಲಿ ಬೇರೆ ಬೇರೆ ಕಡತದಲ್ಲಿ ಇಡಬಹುದು, ಗುಡಾರದಲ್ಲಿ ಎಲ್ಲವೂ ಒಂದೇ ಪರ್ಸಿನಿಂದ ಹೋಗಬೇಕು.

ಸಮಯ ತಪ್ಪಿದ ನೆರವು

ಯುದ್ಧ ಯಾವಾಗ ಸಿಡಿಯುತ್ತದೋ ಹೇಳಲಾಗದು. ಚಳಿಗಾಲ ಬರುವ ದಿನ ಗೊತ್ತಿರುತ್ತದೆ. ಆದರೂ ಹೆಚ್ಚಿನ ವರ್ಷ ದೇಣಿಗೆಯ ಕರೆ ಕೇಳಿಸುವುದು ಹಿಮದ ಫೋಟೋ ಬಂದ ಮೇಲೆ. ಡಿಸೆಂಬರಿನಲ್ಲಿ ಬಂದ ದುಡ್ಡು ಟೆಂಡರು, ಕೊಳ್ಳುವಿಕೆ, ಲಾರಿ, ಗಡಿ, ಗೋದಾಮು ದಾಟಿ ಗುಡಾರ ಮುಟ್ಟುವಾಗ ಫೆಬ್ರುವರಿ ಆಗಿರುತ್ತದೆ. ಜಲ್ಲಿ, ಕಾಲುವೆ ಕೆಲಸವಂತೂ ಮಳೆ ಶುರುವಾದ ಮೇಲೆ ಮಾಡಲಾಗದು, ಲಾರಿಯೇ ಕೆಸರಿನಲ್ಲಿ ಹೂತುಹೋಗುತ್ತದೆ.

ಗಡಿಯ ರಾಜಕೀಯ ಇದಕ್ಕೆ ಇನ್ನೊಂದು ಬೀಗ ಹಾಕಿತು. 2014ರ ಜುಲೈನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಸಿರಿಯಾ ಸರ್ಕಾರದ ಒಪ್ಪಿಗೆ ಇಲ್ಲದೆಯೂ ನಾಲ್ಕು ಗಡಿಬಾಗಿಲುಗಳಿಂದ ನೆರವು ಸಾಗಿಸಲು ಅವಕಾಶ ಕೊಟ್ಟಿತ್ತು. 2020ರ ಜನವರಿಯಲ್ಲಿ, ಇದ್ಲಿಬ್‌ನ ಜನ ಬೀದಿಯಲ್ಲಿ ಮಲಗಿದ್ದ ಅದೇ ಚಳಿಗಾಲದಲ್ಲಿ, ನಾಲ್ಕು ಎರಡಾಯಿತು. ಅದೇ ಜುಲೈಗೆ ಒಂದಾಯಿತು, ಬಾಬ್ ಅಲ್-ಹವಾ ಮಾತ್ರ ಉಳಿಯಿತು. 2022ರ ಜುಲೈನಲ್ಲಿ ಅವಧಿಯನ್ನು ವಿಸ್ತರಿಸಿದ್ದು ಆರೇ ತಿಂಗಳಿಗೆ, ಅಂದರೆ ಮುಗಿಯುವ ದಿನ 2023ರ ಜನವರಿ 10. ನಟ್ಟನಡು ಚಳಿಗಾಲ! ಬಾಗಿಲು ಮುಚ್ಚಿದರೆ ಎಂಬ ಅಂಜಿಕೆಯಲ್ಲೇ ಸಾಮಾನನ್ನು ಮೊದಲೇ ಸಾಗಿಸಿ ದಾಸ್ತಾನು ಮಾಡಬೇಕಾಯಿತು. ಕೊನೆಗಳಿಗೆಯಲ್ಲಿ ಅವಧಿ ಮುಂದುವರಿಯಿತು. ಇನ್ನೊಂದು ತಿಂಗಳೂ ಕಳೆಯುವ ಮೊದಲೇ, ಫೆಬ್ರುವರಿ 6ರ ನಸುಕಿನಲ್ಲಿ, ಭೂಕಂಪ ಬಂತು. ಯುದ್ಧದಿಂದ ಓಡಿಬಂದು ಬಾಡಿಗೆ ಮನೆ ಹಿಡಿದಿದ್ದವರು ಮತ್ತೆ ಕೊರೆಯುವ ಚಳಿಯಲ್ಲಿ ಬಯಲಿಗೆ ಬಿದ್ದರು.

ಉಕ್ರೇನಿನಲ್ಲಿ ಸಮಸ್ಯೆಯ ರೂಪವೇ ಬೇರೆ. ಅಲ್ಲಿ ಹೆಚ್ಚಿನವರಿಗೆ ಗೋಡೆ ಇದೆ, ಗೋಡೆಯೊಳಗೆ ಕಾವಿಲ್ಲ. 2022ರ ಅಕ್ಟೋಬರಿನಿಂದ ವಿದ್ಯುತ್ ಸ್ಥಾವರಗಳ ಮೇಲೆ ದಾಳಿ ಶುರುವಾದಾಗ ಬಹುಮಹಡಿ ಕಟ್ಟಡಗಳ ಬಿಸಿನೀರಿನ ಕೊಳವೆಗಳೇ ತಣ್ಣಗಾದವು. ಅಲ್ಲಿನ ನೆರವೆಂದರೆ ಜನರೇಟರು, ಬಾಯ್ಲರು, ಒಡೆದ ಕಿಟಕಿಗೆ ಹಲಗೆ, ಯುದ್ಧರಂಗಕ್ಕೆ ಹತ್ತಿರದ ಹಳ್ಳಿಗಳಿಗೆ ಮೊದಲೇ ತಲುಪಿಸಿದ ಸೌದೆ.

ಸಿರಿಯಾದಲ್ಲಿ 2024ರ ಡಿಸೆಂಬರ್ 8ರಂದು ಅಧ್ಯಕ್ಷ ಬಷರ್ ಅಲ್-ಅಸಾದ್ ಆಡಳಿತ ಬಿತ್ತು. 2025ರ ಸೆಪ್ಟೆಂಬರ್ ವೇಳೆಗೆ ಹೊರದೇಶಗಳಿಂದ 10 ಲಕ್ಷ ಮಂದಿ ಮರಳಿದ್ದರು. ಹೋಗಿ ನೋಡಿದರೆ ಎಷ್ಟೋ ಮನೆಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಗೋಡೆಯೊಳಗಿನ ವಿದ್ಯುತ್ ತಂತಿಯನ್ನೂ ಕಿತ್ತೊಯ್ದಿದ್ದಾರೆ. ಇಡೀ ಮನೆಯ ದುರಸ್ತಿಗೆ ಯಾರ ಬಳಿಯೂ ದುಡ್ಡಿಲ್ಲ. ಹಾಗಾಗಿ ಒಂದು ಕೋಣೆಯನ್ನಾದರೂ ಬೆಚ್ಚಗೆ ಮಾಡಿಕೊಡುವುದು ಈಗ ಕೈಗೆಟುಕುವ ಕೆಲಸ: ಸೋರದ ಚಾವಣಿ, ಮುಚ್ಚುವ ಒಂದು ಬಾಗಿಲು, ಗಾಜು ಅಥವಾ ದಪ್ಪ ಪ್ಲಾಸ್ಟಿಕ್ ಹಾಕಿದ ಕಿಟಕಿ, ಕೊಳವೆ ಸರಿಯಿರುವ ಒಂದು ಸೋಬಿಯಾ. ಸೌದೆಯನ್ನೂ ಕೊಡಬೇಕು, ಏಕೆಂದರೆ ತೋಪುಗಳಲ್ಲಿ, ಬಯಲಿನಲ್ಲಿ ಸಿಡಿಯದ ಬಾಂಬುಗಳು, ನೆಲಬಾಂಬುಗಳು ಇನ್ನೂ ಹೂತಿವೆ. ಸೌದೆ ಆಯಲು ಹೋದವರು ಕಾಲು, ಕೆಲವೊಮ್ಮೆ ಜೀವ ಕಳೆದುಕೊಳ್ಳುತ್ತಿದ್ದಾರೆ. ಗಾರೆ ಕೆಲಸವೆಲ್ಲ ನವೆಂಬರಿನೊಳಗೆ ಮುಗಿಯಬೇಕು, ಹೆಪ್ಪುಗಟ್ಟುವ ಚಳಿಯಲ್ಲಿ ಸಿಮೆಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ಆ ಕೋಣೆಗೆ ಕೊಡಬೇಕೆಂದಿರುವವರು ದುಡ್ಡು ಕಳಿಸಬೇಕಾದದ್ದು ಆಗಸ್ಟಿನಲ್ಲಿ.